ಒಬಾಚಾನ್ ಅವರ ಚೀಲಕ್ಕೆ ಹಾಕಿದ ತೂತಿನ ಕಾಸು

ಪಕ್ಕದ ಮನೆಯ ಜಪಾನಿ ಅಜ್ಜಿ, ನಮ್ಮ ಒಬಾಚಾನ್, ತೀರಿಕೊಂಡಾಗ ಅವರ ಶವಪೆಟ್ಟಿಗೆಯೊಳಗೆ ತೂತಿನ ಕಾಸು ಹಾಕಿದವಳು ನಾನೇ. ಇಷ್ಟು ಮೊಮ್ಮಕ್ಕಳಾದ ನಿಮ್ಮಿಬ್ಬರಿಗೂ ಗೊತ್ತು. ಯಾಕೆ ಹಾಕಿದೆ ಎಂದು ನಾನು ಹೇಳಿದ್ದು ಸುಳ್ಳು. ದೊಡ್ಡವಳೇ, ಆ ಸುಳ್ಳನ್ನು ನಿನ್ನ ಬಾಯಿಂದಲೇ ಜಪಾನಿ ಮಾತಿನಲ್ಲಿ ಹೇಳಿಸಿದೆ. ನೀನು ಅದನ್ನು ನಂಬಿದೆ, ಶಾಲೆಯಲ್ಲಿ ಪ್ರಬಂಧ ಬರೆದೆ, ಅದು ನಿಮ್ಮ ತರಗತಿಯ ಪುಸ್ತಕದಲ್ಲಿ ಅಚ್ಚೂ ಆಯಿತು. ಆ ಪುಸ್ತಕ ಟೀವಿಯ ಪಕ್ಕದಲ್ಲಿದೆ. ನಾನು ಅತ್ತ ನೋಡದೆ ಓಡಾಡುತ್ತೇನೆ.

ಎದುರಿಗೆ ಕೂರಿಸಿಕೊಂಡು ಹೇಳುವ ಶಕ್ತಿ ನನಗಿಲ್ಲ. ನಾನು ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಓದಿದವಳು. ಅಲ್ಲಿಯೂ ಮೇಷ್ಟ್ರು ಎದ್ದು ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ ಅಂದುಕೊಳ್ಳಿ. ನೀನು ನಿಧಾನವಾಗಿ ಓದು. ತಮ್ಮನಿಗೆ ಓದಲು ಬಂದಾಗ ಅವನಿಗೂ ಕೊಡು.

ಆ ಕಾಸು ನನ್ನ ಅಜ್ಜಿಯ ಕಾಲದ್ದು. ತೆಳ್ಳನೆಯ ಕಂದು ಬಿಲ್ಲೆ, ನಡುವೆ ದೊಡ್ಡ ತೂತು. ಒಂದು ಕಾಲಕ್ಕೆ ಅದನ್ನು ಕೊಟ್ಟರೆ ಒಂದು ಹಿಡಿ ಹುರಿಗಡಲೆ ಸಿಗುತ್ತಿತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಯಾವ ಅಂಗಡಿಯಲ್ಲೂ ನಡೆಯುತ್ತಿರಲಿಲ್ಲ. ನಡೆಯದ ಕಾಸು ಅಂತ ನಮ್ಮ ಕಡೆ ಎಸೆಯುತ್ತಿರಲಿಲ್ಲ. ಕರಿದಾರಕ್ಕೆ ಪೋಣಿಸಿ ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದರು, ದೃಷ್ಟಿಯಾಗದಿರಲಿ ಎಂದು. ಮೊದಲು ನನ್ನ ಸೊಂಟದಲ್ಲಿತ್ತು, ಆಮೇಲೆ ನಿಮ್ಮ ಅಮ್ಮನ ಸೊಂಟದಲ್ಲಿ. ಅವಳು ಶಾಲೆಗೆ ಸೇರಿ, ಹುಡುಗಿಯರು ನಗುತ್ತಾರೆ ಎಂದು ಅತ್ತು ಉಡಿದಾರ ಬಿಚ್ಚಿಸಿಕೊಂಡ ಮೇಲೆ, ನಿಮ್ಮ ತಾತ ಅದನ್ನು ತಮ್ಮ ಚರ್ಮದ ಚೀಲದ ಪಟ್ಟಿಗೆ ಕಟ್ಟಿಕೊಂಡರು. ತಾತ ಬಸ್ ಕಂಡಕ್ಟರ್ ಆಗಿದ್ದರು. ದಿನವೆಲ್ಲ ಚಿಲ್ಲರೆಗೆ ಜಗಳವಾಡುವ ಕೆಲಸ. “ಇದೊಂದನ್ನ ಮಾತ್ರ ಯಾರೂ ವಾಪಸ್ ಕೇಳಲ್ಲ ಕಣೆ. ಇದು ನನ್ನದು” ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಕಾಸು ದೇವರ ಗೂಡಿಗೆ ಬಂತು.

ತಾತ ಹೋದದ್ದು ಕೊರೊನಾ ಬಂದ ಕಾಲದಲ್ಲಿ. ನಮ್ಮಲ್ಲಿ ಯಾರೇ ಹೋದರೂ ಹಣೆಯ ಮೇಲೆ ಒಂದು ನಾಣ್ಯ ಇಟ್ಟು ಕಳಿಸುತ್ತೇವೆ. ಬಡವರಾಗಲಿ ಇದ್ದವರಾಗಲಿ, ಬರಿ ಹಣೆಯಲ್ಲಿ ಕಳಿಸುವುದಿಲ್ಲ. ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ದೇವರ ಗೂಡಿಗೆ ಕೈ ಹಾಕಿ ಆ ಕಾಸನ್ನೇ ತೆಗೆದುಕೊಂಡು ಹೊರಟೆ. ಅವರದ್ದು ಅವರಿಗೇ ಇರಲಿ ಎಂದು. ಸ್ಮಶಾನದ ಗೇಟಿನ ಹತ್ತಿರ ನಿಲ್ಲಿಸಿದರು. ಅವರನ್ನು ಸುತ್ತಿದ್ದ ಚೀಲದ ಜಿಪ್ ಪೂರ್ತಿ ಎಳೆದಿತ್ತು. ಮೈತುಂಬ ಪ್ಲಾಸ್ಟಿಕ್ ಉಡುಪು ಹಾಕಿದ್ದ ಒಬ್ಬನಿಗೆ ಕಾಸು ತೋರಿಸಿದೆ.

“ಅದೆಲ್ಲ ಆಗಲ್ಲಮ್ಮ. ದೂರ ನಿಂತ್ಕೊಳ್ಳಿ” ಎಂದ.

ನಾನು ದೂರ ನಿಂತೆ. ಇನ್ನೊಂದು ಸಲ ಕೇಳಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಕೂಗಾಡಿ, ಅವನ ಕೈಕಾಲು ಹಿಡಿದು, ತನ್ನ ಮಗನ ಚೀಲದ ಮೇಲೆ ಒಂದು ಹಾರವನ್ನಾದರೂ ಹಾಕಿಸಿದಳು. ನನಗೆ ಕೂಗಲು ನಾಚಿಕೆಯಾಯಿತು. ಆವತ್ತೂ ನಾಚಿಕೆ! ಮನೆಗೆ ಬಂದು ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ದುಂಡಗೆ ಗುರುತು ಬಿದ್ದಿತ್ತು. ಜೀವಮಾನವೆಲ್ಲ ಚಿಲ್ಲರೆ ಕೊಡಿ ಎಂದವರನ್ನು ಬರಿಗೈಯಲ್ಲಿ ಬಸ್ಸು ಹತ್ತಿಸಿದೆ ಎಂಬುದು ಆಮೇಲೆ ನನ್ನ ತಲೆಯಿಂದ ಹೋಗಲೇ ಇಲ್ಲ. ವಿಮಾನಗಳು ಓಡಲು ಶುರುವಾದ ಮೇಲೆ ನಿಮ್ಮ ಅಮ್ಮ ಬಂದು ನನ್ನನ್ನು ಜಪಾನಿನ ಈ ತ್ಸುಕುಬಾ ಊರಿಗೆ ಕರೆತಂದಳು. ಕಾಸು ನನ್ನ ಕುಂಕುಮದ ಡಬ್ಬಿಯಲ್ಲಿ ಬಂತು.

ತಮ್ಮ ಹುಟ್ಟಿದಾಗ ಅವನ ಸೊಂಟಕ್ಕೆ ಅದನ್ನು ಕಟ್ಟಿದ್ದೆ. ಅವನು ಶಿಶುವಿಹಾರಕ್ಕೆ ಹೋದ ಮೊದಲ ದಿನವೇ ಅಲ್ಲಿನ ಟೀಚರ್ ಅದನ್ನು ಬಿಚ್ಚಿ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮಗು ನುಂಗಿದರೆ ಅಪಾಯ ಎಂದು ಚೀಟಿ ಬರೆದು, ಚೀಟಿಯ ಮೂಲೆಯಲ್ಲಿ ಒಂದು ಮೊಲದ ಚಿತ್ರವನ್ನೂ ಅಂಟಿಸಿ ಕಳಿಸಿದ್ದರು. ಅದೇ ದಿನ ನಾನು ಅದನ್ನು ಒಬಾಚಾನ್‌ಗೆ ತೋರಿಸಿದ್ದು.

ಒಬಾಚಾನ್ ನಿನಗೆ ಗೊತ್ತು. ಗೂನುಬೆನ್ನಿನ, ಸದಾ ಹೂವಿನ ಚಿತ್ರದ ಟೊಪ್ಪಿ ಹಾಕಿಕೊಳ್ಳುತ್ತಿದ್ದ ಅಜ್ಜಿ. ಅವರಿಗೆ ಕನ್ನಡ ಬಾರದು, ನನಗೆ ಜಪಾನಿ ಬಾರದು. ನನಗೆ ಬರುತ್ತಿದ್ದದ್ದು ಕ್ಷಮಿಸಿ ಎನ್ನುವ ಸುಮಿಮಾಸೆನ್, ಧನ್ಯವಾದ ಎನ್ನುವ ಅರಿಗಾತೋ, ಅಷ್ಟೇ. ಹಾಗಾಗಿಯೇ ಅವರ ಹತ್ತಿರ ನನಗೆ ಸಂಕೋಚವಾಗುತ್ತಿರಲಿಲ್ಲ. ಅವರ ಹಿತ್ತಿಲಿನ ದಪ್ಪ ಅವರೆಯಂಥ ಕಾಯಿ ಕೊಟ್ಟರೆ ನಾನು ಅವರ ಜಗಲಿಯಲ್ಲಿ ಕೂತು ನೆನೆಸಿದ ಕಾಳನ್ನು ಹಿತುಕಿ ತೋರಿಸಿದೆ. ಕಾಳು ಸಿಪ್ಪೆಯಿಂದ ಚಂಗನೆ ಹಾರಿ ಅವರ ಟೊಪ್ಪಿಗೆ ಬಿತ್ತು. ಇಬ್ಬರೂ ನಕ್ಕದ್ದು ಒಳಗಿದ್ದ ಅವರ ಸೊಸೆಗೂ ಕೇಳಿಸಿತು. ಕಾಸು ತೋರಿಸಿದ ದಿನ ಒಬಾಚಾನ್ ತೂತಿನಿಂದ ಒಂದು ಕಣ್ಣಿಟ್ಟು ನನ್ನನ್ನು ನೋಡಿ, ಒಳಗೆ ಹೋಗಿ, ಇಲ್ಲಿನ ಐದು ಯೆನ್ನಿನ ಹಳದಿ ನಾಣ್ಯ ತಂದು ಪಕ್ಕದಲ್ಲಿಟ್ಟರು. ಅದಕ್ಕೂ ತೂತು. ಮಾತಿಲ್ಲದೆಯೂ ನಮ್ಮ ಸ್ನೇಹ ಆ ಎರಡು ತೂತುಗಳಿಂದ ಗಟ್ಟಿಯಾಯಿತು. ಇದು ಸುಳ್ಳಲ್ಲ. ಅವರನ್ನು ನಾನು ಪ್ರೀತಿಸಿದ್ದು ಸುಳ್ಳಲ್ಲ. ಅದಕ್ಕೇ ಮುಂದಿನದ್ದು ಇನ್ನೂ ಕೆಟ್ಟದಾಗಿ ಕಾಣುತ್ತದೆ.

ನಿಮ್ಮ ಅಮ್ಮನ ಕೆಲಸ ಮಣ್ಣಿನಲ್ಲಿ ಹೂತ ಹಳೆಯ ಲೋಹ ಹೇಗೆ ಕೆಡುತ್ತದೆ ಎಂದು ನೋಡುವುದು. ಒಂದು ಭಾನುವಾರ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಇಂಗ್ಲೆಂಡಿನ ಹಳೆಯ ಸಮಾಧಿಗಳ ಚಿತ್ರ ನೋಡುತ್ತಿದ್ದಳು. ನಾನು ಸೊಪ್ಪು ಬಿಡಿಸುತ್ತಿದ್ದೆ.

“ಅಮ್ಮ, ಇಲ್ಲಿ ನೋಡು, ನಿನ್ನ ಉಡಿದಾರ” ಎಂದಳು.

ಮಸಿ ಹಿಡಿದ ಪುಟ್ಟ ನಾಣ್ಯಗಳು. ಒಂದೊಂದಕ್ಕೂ ಮೊಳೆಯಿಂದ ತೂತು ಹೊಡೆದಿತ್ತು. ರೋಮಿನವರು ಆ ದೇಶ ಬಿಟ್ಟು ಹೋಗಿ ಎಷ್ಟೋ ತಲೆಮಾರಾದ ಮೇಲೆ, ಆಂಗ್ಲೋ-ಸ್ಯಾಕ್ಸನ್ ಎಂಬ ಜನ ರೋಮಿನವರು ಬಿಟ್ಟುಹೋದ ನಾಣ್ಯಗಳನ್ನು ಹೊಲದಲ್ಲೋ ಹಾಳು ಗೋಡೆಯ ಬುಡದಲ್ಲೋ ಹೆಕ್ಕಿಕೊಂಡು, ಮಣಿಸರದಲ್ಲಿ ಪೋಣಿಸಿ ಹಾಕಿಕೊಳ್ಳುತ್ತಿದ್ದರಂತೆ. ಸತ್ತಾಗ ಅದರ ಜೊತೆಗೇ ಹೂಳುತ್ತಿದ್ದರಂತೆ. ಹೆಂಗಸರು, ಮಕ್ಕಳೇ ಹೆಚ್ಚು. ಕೆಲವರ ಸೊಂಟದ ಹತ್ತಿರ ಚೀಲವಿದ್ದು, ಅದರಲ್ಲಿ ಮುರಿದ ಬಳೆ, ಗಾಜಿನ ಚೂರು, ಇಂಥ ಒಂದೆರಡು ಕಾಸು.

“ಅವರ ಕಾಲಕ್ಕೆ ಅದು ನಡೀತಿತ್ತಾ?” ಎಂದು ಕೇಳಿದೆ.

“ಇಲ್ಲ. ಅವರಿಗೂ ಅದು ಇನ್ನೂರು ಮುನ್ನೂರು ವರ್ಷ ಹಳೇದು.”

“ಮತ್ಯಾಕೆ ಕೊಟ್ಟು ಕಳಿಸಿದ್ರು?”

“ಅದೇ ಗೊತ್ತಾಗಲ್ಲ ಅಮ್ಮ. ದೃಷ್ಟಿಗೋ, ಚಂದಕ್ಕೋ, ಅವರಜ್ಜಿದು ಅಂತಲೋ. ತಾಮ್ರ ತಗುಲಿದ ಮೂಳೆ ಹಸಿರಾಗತ್ತೆ, ಹಾಗಾಗಿ ಎಲ್ಲಿ ಇಟ್ಟಿದ್ರು ಅಂತ ಹೇಳಬಹುದು. ಇಟ್ಟವರ ಮನಸ್ಸಲ್ಲಿ ಏನಿತ್ತು ಅಂತ ಹೇಳೋಕಾಗಲ್ಲ.”

ಅಷ್ಟು ದೂರದ, ಅಷ್ಟು ಹಿಂದಿನ ಜನವೂ ನಿಜವಾದ ಕಾಸನ್ನೇ ಕೊಟ್ಟು ಕಳಿಸಿದರಲ್ಲ ಎಂದು ನನಗೆ ಅನ್ನಿಸಿತು. ನಾನೊಬ್ಬಳೇ ಕೊಡದವಳು ಅನ್ನಿಸಿತು.

ಒಬಾಚಾನ್ ಜನವರಿಯಲ್ಲಿ ಹೋದರು. ಅಂತ್ಯಕ್ರಿಯೆಗೆ ನಿಮ್ಮ ಅಮ್ಮ ಮತ್ತು ನಾನು ಹೋದೆವು. ನೀನು ಶಾಲೆಯಲ್ಲಿದ್ದೆ. ಪೆಟ್ಟಿಗೆ ಮುಚ್ಚುವ ಮೊದಲು ಎಲ್ಲರ ಕೈಗೂ ಕತ್ತರಿಸಿದ ಹೂ ಕೊಟ್ಟು, ಒಬ್ಬೊಬ್ಬರಾಗಿ ಸುತ್ತಲೂ ಇಡಿ ಎಂದರು. ನಿಮ್ಮ ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು: “ಹೂ ಬಿಟ್ಟು ಬೇರೇನೂ ಇಡೋ ಹಾಗಿಲ್ಲ ಅಮ್ಮ. ಲೋಹ ಅಂತೂ ಬೇಡವೇ ಬೇಡ, ಸುಡೋ ಒಲೆ ಕೆಡತ್ತಂತೆ. ಅವರ ಕನ್ನಡಕ ಕೂಡ ತೆಗೆದಿಟ್ಟಿದ್ದಾರೆ.” ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಕೇಳಿಸಿಕೊಂಡೆ, ತಲೆಯಾಡಿಸಿದೆ.

ಒಬಾಚಾನ್ ಎದೆಯ ಮೇಲೆ ಬಿಳಿ ಬಟ್ಟೆಯ ಪುಟ್ಟ ಚೀಲವಿತ್ತು. ಅದರ ಬಾಯಿಂದ ಒಂದು ಕಾಗದ ಇಣುಕುತ್ತಿತ್ತು. ಕಾಗದದ ಮೇಲೆ ತೂತಿನ ಆರು ಕಾಸುಗಳ ಚಿತ್ರ ಅಚ್ಚು ಹಾಕಿತ್ತು. ಸತ್ತವರು ಹೊಳೆ ದಾಟಲು ಕೊಡಬೇಕಾದ ಕಾಸಂತೆ. ಈಗ ಲೋಹ ಹಾಕುವಂತಿಲ್ಲವಾದ್ದರಿಂದ ಚಿತ್ರ. ಕಾಗದದ ಕಾಸೂ ಒಂದು ಕಾಸೇ ಎಂದು ನನಗೆ ತಾತ್ಸಾರವಾಯಿತು. ಅವರ ಹಣೆ ಬರಿದಾಗಿತ್ತು. ಆ ಬರಿ ಹಣೆ ನೋಡಿದಾಗ ನನಗೆ ಕಂಡದ್ದು ಒಬಾಚಾನ್ ಅಲ್ಲ. ಜಿಪ್ ಎಳೆದ ಚೀಲದೊಳಗಿನ ಹಣೆ, ನಾನು ನೋಡದ ಹಣೆ.

ಕುಂಕುಮದ ಡಬ್ಬಿಯಿಂದ ಕಾಸು ಬೆಳಿಗ್ಗೆಯೇ ನನ್ನ ರವಿಕೆಯೊಳಗೆ ಬಂದಿತ್ತು. ಯಾಕೆ ತಂದೆ ಎಂದು ಆಗ ನನಗೆ ನಾನೇ ಕೇಳಿಕೊಂಡಿರಲಿಲ್ಲ. ಸೇವಂತಿಗೆಯ ಅಡಿ ಅದನ್ನು ಹಿಡಿದು, ಬಗ್ಗಿ, ಆ ಕಾಗದದ ಹಿಂದೆ ಚೀಲದೊಳಗೆ ಜಾರಿಸಿದೆ. ಮನಸ್ಸಿನಲ್ಲಿ ಹೇಳಿಕೊಂಡ ಮಾತು ಇದು: ‘ಅಜ್ಜೀ, ನೀವು ಹೇಗೂ ಆ ಕಡೆಗೇ ಹೋಗುತ್ತಿದ್ದೀರಿ. ನಮ್ಮ ಯಜಮಾನರು ಸಿಕ್ಕರೆ ಇದನ್ನು ಕೊಟ್ಟುಬಿಡಿ.’

ಇದೇ ನಿಜ. ಒಬಾಚಾನ್‌ಗೆ ನಾನು ಏನೂ ಕೊಡಲಿಲ್ಲ. ಊರಿಗೆ ಹೋಗುವವರ ಕೈಯಲ್ಲಿ ಗಂಟು ಕಳಿಸುವ ಹಾಗೆ, ಅವರನ್ನು ಕೇಳದೆ, ಅವರ ಮನೆಯವರನ್ನು ಕೇಳದೆ, ಅವರ ಸಾವಿನ ಜೊತೆ ನನ್ನ ಗಂಟು ಕಳಿಸಿದೆ.

ಹತ್ತು ದಿನದ ಮೇಲೆ ಆ ಮನೆಯ ಸೊಸೆ ಚಹಾದ ಪೆಟ್ಟಿಗೆ ಹಿಡಿದು, ಸಾವಿಗೆ ಬಂದವರಿಗೆಲ್ಲ ಕೊಡುವ ಮರುಕೊಡುಗೆ ಕೊಡಲು ಬಂದರು. ಬಾಗಿಲಲ್ಲಿ ನಿಮ್ಮ ಅಮ್ಮನ ಜೊತೆ ಬಹಳ ಹೊತ್ತು ಮಾತಾಡಿದರು. ಅವರ ಕಣ್ಣು ಊದಿತ್ತು. ಅವರು ಹೋದ ಮೇಲೆ ನಿಮ್ಮ ಅಮ್ಮ ಹೇಳಿದಳು.

“ಪಾಪ, ಸುಟ್ಟ ಮೇಲೆ ಮೂಳೆ ಆರಿಸೋವಾಗ ಎದೆಯ ಹತ್ತಿರ ಹಸಿರು ಕಲೆ ಇತ್ತಂತೆ. ಪಕ್ಕದಲ್ಲಿ ಕರಗಿದ ಲೋಹದ ಗಟ್ಟಿ. ಸ್ಮಶಾನದವರು ಲೋಹ ಹಾಕಿದ್ದು ತಪ್ಪು ಅಂತ ತಿಳಿಹೇಳಿದ್ರಂತೆ. ಚೀಲ ಸಿದ್ಧ ಮಾಡಿದ್ದು ಸೊಸೆ ತಾನೆ? ನಾದಿನಿ ಎಲ್ಲರ ಮುಂದೆ, ನಮ್ಮಮ್ಮನ ಮೂಳೆ ಹಾಳು ಮಾಡಿದೆ ಅಂದ್ಲಂತೆ. ಇವರು ಏನೂ ಗೊತ್ತಿಲ್ಲದಿದ್ರೂ ಎಲ್ಲರಿಗೂ ಬಗ್ಗಿ ಬಗ್ಗಿ ಕ್ಷಮೆ ಕೇಳಿದ್ರಂತೆ.”

ಆಮೇಲೆ ಅವಳು ನನ್ನ ಮುಖ ನೋಡಿದಳು. “ಅಮ್ಮ, ನೀನಲ್ಲ ತಾನೆ?”

“ನಾನ್ಯಾಕವ್ವ ಹಾಕ್ಲಿ” ಎಂದೆ.

ಎಷ್ಟು ಸಲೀಸಾಗಿ ಬಂತು ನೋಡಿ. ಸರಿಯಾದ ಉತ್ತರಕ್ಕೆ ಎಂದೂ ತೆರೆಯದ ಬಾಯಿ.

ಆಮೇಲಿನ ದಿನಗಳಲ್ಲಿ ಕಿಟಕಿಯಿಂದ ಆ ಸೊಸೆಯನ್ನು ನೋಡುತ್ತಿದ್ದೆ. ಅಂಗಳ ಗುಡಿಸುವಾಗ ಯಾರು ಹಾದುಹೋದರೂ ಪೊರಕೆ ನಿಲ್ಲಿಸಿ ಬಗ್ಗುತ್ತಿದ್ದರು. ನಮ್ಮ ಮನೆಯ ಮುಂದಿನ ಎಲೆಗಳನ್ನೂ ಗುಡಿಸಿಟ್ಟರು. ನಾನು ಕಸ ಹಾಕಲೂ ಹೊರಗೆ ಹೋಗುತ್ತಿರಲಿಲ್ಲ. ಮೊಣಕಾಲು ನೋವು ಎಂದು ನಿನ್ನ ಕೈಯಲ್ಲಿ ಕಳಿಸುತ್ತಿದ್ದೆ. ನೋವು ಇರಲಿಲ್ಲ.

ಕಡೆಗೆ ಒಂದು ದಿನ, ನೀನು ಶಾಲೆಯಿಂದ ಬಂದು ಚೀಲ ಇಳಿಸುವ ಮೊದಲೇ, ನಿನ್ನ ಕೈ ಹಿಡಿದುಕೊಂಡು ಅಲ್ಲಿಗೆ ಹೋದೆ. ಅಮ್ಮನನ್ನು ಕರೆದುಕೊಂಡು ಹೋಗಲು ಹೆದರಿಕೆ. ಅವಳಿಗೆ ಸುಳ್ಳು ಹೇಳಿದ್ದೆನಲ್ಲ. ನೀನು ಮಗು, ನಿನ್ನ ಮುಂದೆ ನನಗೆ ಧೈರ್ಯ. ಬಾಗಿಲಲ್ಲಿ ನಿಂತು ಹೇಳಿದೆ: “ಹೇಳು ಮಗ, ಕಾಸು ಹಾಕಿದ್ದು ನಾನು, ಇವರದೇನೂ ತಪ್ಪಿಲ್ಲ ಅಂತ ಹೇಳು.” ಅಲ್ಲಿಗೆ ನಿಲ್ಲಿಸಬೇಕಿತ್ತು. ಅವರು ಏನೋ ಕೇಳಿದರು. ನೀನು ನನ್ನ ಕಡೆ ತಿರುಗಿದೆ.

“ಅಜ್ಜಿ, ಯಾಕೆ ಅಂತ ಕೇಳ್ತಿದ್ದಾರೆ. ವೈ?”

ಆಗ ನಾನು, “ಪ್ರೀತಿ ಇತ್ತಲ್ಲ, ಅದಕ್ಕೆ. ನಮ್ಮಲ್ಲಿ ಪ್ರೀತಿ ಇದ್ದವರಿಗೆ ಹಾಗೆ ಕೊಡ್ತೀವಿ. ಒಬಾಚಾನ್‌ಗೆ ಅಂತಲೇ ಇಟ್ಕೊಂಡಿದ್ದೆ ಅಂತ ಹೇಳು” ಎಂದೆ.

ನೀನು ಹೇಳಿದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದರೆ ಆ ಸೊಸೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. “ಶೀ ಈಸ್ ಕ್ರೈಯಿಂಗ್ ಅಜ್ಜಿ. ಬಟ್ ಹ್ಯಾಪಿ ಕ್ರೈಯಿಂಗ್” ಎಂದೆ ನೀನು. ಬೈಯುತ್ತಾರೆ ಎಂದುಕೊಂಡು ಹೋದವಳಿಗೆ ಅವರು ತಲೆ ನೆಲಕ್ಕೆ ತಾಗುವಂತೆ ಬಗ್ಗಿ ಅರಿಗಾತೋ ಎಂದರು. ನಾನೂ ಬಗ್ಗಿದೆ, ಮುಖ ಕಾಣದಿರಲಿ ಎಂದು. ಅವರು ನಾದಿನಿಗೆ ಫೋನ್ ಮಾಡಿ ಎಲ್ಲ ಹೇಳಿದರಂತೆ. ಆ ನಾದಿನಿಯಿಂದ ನನ್ನ ಹೆಸರಿಗೆ ಸಿಹಿಯ ಪೆಟ್ಟಿಗೆ ಬಂತು. ಕೆಂಪು ಅವರೆಯ ಹೂರಣ ತುಂಬಿದ ಮಿಠಾಯಿ. ನೀವಿಬ್ಬರೂ ತಿಂದಿರಿ. ನನಗೆ ಸಕ್ಕರೆ ಕಾಯಿಲೆ ಎಂದೆ. ಆ ಕಾಯಿಲೆಯೂ ನನಗಿಲ್ಲ.

ನಿಮ್ಮ ಅಮ್ಮ ಆ ದಿನ, “ಮೊದಲೇ ಹೇಳೋಕೇನಾಗಿತ್ತಮ್ಮ ನಿಂಗೆ” ಎಂದಳು. ಪ್ರೀತಿಯ ಮಾತನ್ನು ಅವಳೂ ನಂಬಿದಳು.

ಫೆಬ್ರವರಿಯಲ್ಲಿ ನಿಮ್ಮ ಶಾಲೆಗೆ ಹಿರಿಯರನ್ನು ಕರೆದಿದ್ದರು. ನಾವು ಮಕ್ಕಳ ಹಿಂದೆ ಗೋಡೆಗೆ ಒರಗಿ ನಿಂತಿದ್ದೆವು. ನೀನು ಎದ್ದು ನಿಂತು ಪ್ರಬಂಧ ಓದಿದೆ. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಮೂರು ಸಲ ‘ಅಜ್ಜಿ’ ಎಂದದ್ದು ಮಾತ್ರ ಕೇಳಿಸಿತು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಿಮ್ಮ ಟೀಚರ್ ಕಣ್ಣೊರೆಸಿಕೊಂಡು ಬಗ್ಗಿದರು. ಎದ್ದು ನಿಂತರೆ ಉತ್ತರ ಹೊರಡದ ನನ್ನಂಥವಳ ಮೊಮ್ಮಗಳು ಅಷ್ಟು ಗಟ್ಟಿಯಾಗಿ ಓದಿದಳಲ್ಲ ಎಂದು ಹಿಗ್ಗಬೇಕಿತ್ತು. ಓದಿದ್ದು ನನ್ನ ಸುಳ್ಳು. ಮನೆಗೆ ಬರುವಾಗ ನೀನು ಸೈಕಲ್ ತಳ್ಳಿಕೊಂಡು ಬರುತ್ತ, “ಅಜ್ಜಿ, ಡಿಡ್ ಯು ಲೈಕ್ ಇಟ್?” ಎಂದು ಕೇಳಿದೆ. ನಾನು ನಿನ್ನ ಟೊಪ್ಪಿ ಸರಿಮಾಡಿದೆ.

ಇಲ್ಲಿ ಸತ್ತ ನಲವತ್ತೊಂಬತ್ತನೆಯ ದಿನಕ್ಕೆ ಅಸ್ಥಿಯನ್ನು ಸಮಾಧಿಯಲ್ಲಿ ಇಡುತ್ತಾರೆ. ಅದಕ್ಕೆ ನಾಲ್ಕು ದಿನ ಮೊದಲು ಸೊಸೆ ಬಂದು, ಆ ಲೋಹದ ಗಟ್ಟಿಯನ್ನೂ ಅತ್ತೆಯ ಅಸ್ಥಿಯ ಜೊತೆ ಇಡುತ್ತೇವೆ, ನೀವೇ ಬಂದು ನಿಮ್ಮ ಕೈಯಿಂದ ಇಡಬೇಕು ಎಂದು ಕರೆದರು. ಆ ಮನೆತನದ ಸಮಾಧಿಯೊಳಗೆ, ಅವರ ಹಿರಿಯರ ಮಧ್ಯೆ, ನನ್ನ ಗಂಡನ ಕಾಸು. ಎಂದಾದರೂ ಯಾರಾದರೂ ತೆರೆದು ನೋಡಿದರೆ, ಇದು ಈ ಅಜ್ಜಿಗೆ ಯಾರೋ ಪ್ರೀತಿಯಿಂದ ಕೊಟ್ಟದ್ದು ಎಂದುಕೊಳ್ಳುತ್ತಾರೆ. ಅಷ್ಟು ದೊಡ್ಡ ಸುಳ್ಳನ್ನು ಕಲ್ಲಿನ ಅಡಿ ಇಡಲು ನನ್ನ ಕೈಲಾಗಲಿಲ್ಲ.

ಮೊದಲು ನಿಮ್ಮ ಅಮ್ಮನಿಗೆ ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು.

“ಅಪ್ಪನಿಗಾ ಅದು?” ಎಂದು ಮಾತ್ರ ಕೇಳಿದಳು. ಅವಳಿಗೆ ಅಪ್ಪನ ಮುಖ ಕಡೆಯ ಸಲ ಕಂಡದ್ದು ಫೋನಿನಲ್ಲಿ. ತೊಳೆದ ಲೋಟವನ್ನೇ ಮತ್ತೆ ತೊಳೆದಳು. ಆಮೇಲೆ ಕೈ ಒರೆಸಿಕೊಂಡು, “ಬಾ ಹೋಗೋಣ. ನಾನು ಹೇಳ್ತೀನಿ. ಆದರೆ ನೀನು ಹೇಳಿದಷ್ಟನ್ನೇ ಹೇಳ್ತೀನಿ, ಚಂದ ಮಾಡಲ್ಲ” ಎಂದಳು.

ಈ ಸಲ ನಾನು ಎಲ್ಲ ಹೇಳಿದೆ. ಲೋಹ ಬೇಡವೆಂದು ಗೊತ್ತಿದ್ದೂ ಹಾಕಿದ್ದು, ಯಾರಿಗೆಂದು ಹಾಕಿದ್ದು, ಮಗುವಿನ ಕೈಯಲ್ಲಿ ಏನು ಹೇಳಿಸಿದ್ದು. ಆ ಸೊಸೆ ಕೊನೆಯವರೆಗೂ ಕೇಳಿದರು. ಅಳಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಬಿಳಿ ಕಾಗದದ ಪೊಟ್ಟಣ ತಂದರು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟು ಏನೋ ಅಂದರು.

ನಿಮ್ಮ ಅಮ್ಮ ಹೇಳಿದಳು: “ಹಾಗಾದರೆ ಇದು ನಮ್ಮ ತಾಯಿಯದಲ್ಲ. ದಯವಿಟ್ಟು ಮನೆಗೆ ತೆಗೆದುಕೊಂಡು ಹೋಗಿ, ಅಂತ.”

ನಾನು ತೆಗೆದುಕೊಂಡೆ. ಸಮಾಧಿಯ ದಿನ ನಮ್ಮನ್ನು ಕರೆಯಲಿಲ್ಲ. ಅದು ನ್ಯಾಯ. ಈಗಲೂ ಎದುರಾದರೆ ಅವರು ಬಗ್ಗುತ್ತಾರೆ. ಪೊರಕೆ ಕೈಯಲ್ಲೇ ಇರುತ್ತದೆ, ನಮ್ಮ ಮನೆಯ ಮುಂದೆ ಗುಡಿಸುವುದಿಲ್ಲ. ನಾನೇ ಬೆಳಿಗ್ಗೆ ಎದ್ದು ಎರಡೂ ಮನೆಯ ಮುಂದೆ ಗುಡಿಸುತ್ತೇನೆ. ಅವರು ಬೇಡವೆಂದಿಲ್ಲ, ಬೇಕೆಂದೂ ಅಂದಿಲ್ಲ.

ದೊಡ್ಡವಳೇ, ನಿನ್ನ ಪ್ರಬಂಧದಲ್ಲಿ ನಿನ್ನ ತಪ್ಪೇನೂ ಇಲ್ಲ. ಅದನ್ನು ಹರಿಯಬೇಡ. ಇದನ್ನು ಅದರ ಜೊತೆ ಇಡು. ನಿನ್ನ ಟೀಚರಿಗೆ ಹೇಳಬೇಕು ಅನ್ನಿಸಿದರೆ ಹೇಳು, ನಾನು ಬಂದು ಪಕ್ಕದಲ್ಲಿ ನಿಲ್ಲುತ್ತೇನೆ.

ಗಟ್ಟಿ ಕುಂಕುಮದ ಡಬ್ಬಿಯಲ್ಲಿದೆ, ಹುಣಿಸೆ ಬೀಜದಷ್ಟು. ನಿಮ್ಮ ಅಮ್ಮ ಅದನ್ನು ಲ್ಯಾಬಿಗೆ ಒಯ್ಯಲೇ ಎಂದು ಕೇಳಿದಳು. ಬೇಡ ಎಂದೆ. ಕರಗುವಾಗ ತೂತು ಮುಚ್ಚಿಕೊಂಡಿದೆ. ಇನ್ನು ಯಾವ ಮಗುವಿನ ಸೊಂಟಕ್ಕೂ ಅದನ್ನು ಕಟ್ಟಲು ಬರುವುದಿಲ್ಲ. ನನ್ನ ಕಾಲ ಈ ಊರಲ್ಲೇ ಮುಗಿದರೆ ಅದನ್ನು ನನ್ನ ಪೆಟ್ಟಿಗೆಯಲ್ಲಿ ಹಾಕಬೇಡಿ. ನನ್ನ ಹಣೆಗೂ ಬೇಡ. ಬೇಡ ಎಂದವರ ಮಾತು ಕೇಳಿ. ನಾನು ಹೀನವಾಗಿ ಕಂಡಿದ್ದ ಆ ಕಾಗದದ ಕಾಸುಗಳೇ ನನಗೆ ಸಾಕು.